ಬೆಂಚಿನ ಮೇಲೆ ಕಾದು ಕೂತಿದ್ದ ಆ ಇಬ್ಬರ ಮಾತನ್ನೂ ಕೇಳಬೇಕಿತ್ತು: ಕಾನೂನು ಮಾಡೋರಿಗೆ, ತೀರ್ಪು ಕೊಡೋರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ಗೌರವಾನ್ವಿತ ನ್ಯಾಯಾಧೀಶರೇ,

ನಾನು ಲಾಯರ್ ಅಲ್ಲ, ಕಾನೂನು ಓದಿದವಳೂ ಅಲ್ಲ. ನನ್ನ ತಂಗಿ ಕೊಟ್ಟ ಲೈಂಗಿಕ ದೌರ್ಜನ್ಯದ ದೂರಿನ ಕೇಸು ನಡೆದ ಎರಡು ವರ್ಷ ಎಂಟು ತಿಂಗಳು, ಪ್ರತಿ ತಾರೀಖಿಗೂ ಅವಳ ಜೊತೆ ಕೋರ್ಟಿಗೆ ಹೋಗಿ ಬಂದವಳು ಅಷ್ಟೇ. ಕೋರ್ಟಿನ ಹೆಸರು, ಊರಿನ ಹೆಸರು, ಆ ಮನುಷ್ಯನ ಹೆಸರು ಯಾವುದನ್ನೂ ಇಲ್ಲಿ ಬರೆಯಲ್ಲ, ತಂಗಿ ಬೇಡ ಅಂದಿದ್ದಾಳೆ, ಮತ್ತೆ ಈ ಪತ್ರ ಒಬ್ಬ ನ್ಯಾಯಾಧೀಶರ ಮೇಲಿನ ದೂರೂ ಅಲ್ಲ. ಅವರು ತಮ್ಮ ಮುಂದಿದ್ದ ಕಾನೂನಿನ ಪ್ರಕಾರವೇ ನಡ್ಕೊಂಡ್ರು ಅಂತ ಆಮೇಲೆ ನಾಲ್ಕು ಜನ ಲಾಯರುಗಳು ನಂಗೆ ಹೇಳಿದ್ರು. ಹಾಗಾದ್ರೆ ಆ ಕಾನೂನಿನ, ಅಂದ್ರೆ ಆರೋಪಿಯ ಹಿಂದಿನ ಕೃತ್ಯಗಳ ಸಾಕ್ಷ್ಯವನ್ನ ಹೊರಗಿಡೋ ನಿಯಮದ ಬಗ್ಗೆಯೇ ಮಾತಾಡೋಣ ಅಂತ ನಿಮಗೆ ಬರೀತಿದ್ದೀನಿ.

ತಂಗಿಗೆ ಆಗ ಹತ್ತೊಂಬತ್ತು. ಕಾಲೇಜು ಟೀಮಲ್ಲಿ ಆಡ್ತಿದ್ಲು, ಅವನು ಕೋಚ್. ಏನಾಯ್ತು ಅಂತ ವಿವರ ಬರೆಯೋ ಅಗತ್ಯ ಇಲ್ಲ, ಅವಳು ಅದನ್ನ ಪೊಲೀಸರ ಮುಂದೆ, ಡಾಕ್ಟರ ಮುಂದೆ, ಕೋರ್ಟಲ್ಲಿ ಮೂರು ದಿನ ಪಾಟೀಸವಾಲಿನಲ್ಲಿ ಸಾಕಾಗುವಷ್ಟು ಸಲ ಹೇಳಿದ್ದಾಳೆ. ಇಲ್ಲಿ ಮುಖ್ಯವಾದ ಒಂದೇ ಒಂದು ವಿವರ ಹೇಳ್ತೀನಿ. ಅದು ನಡೆಯೋಕೆ ಮೂರು ವಾರ ಮುಂಚೆ ಅವನು ನಮ್ಮ ಅಪ್ಪನಿಗೆ ಫೋನ್ ಮಾಡಿ, "ಸರ್, ನಿಮ್ಮ ಮಗಳು ಒಳ್ಳೆ ಹುಡುಗೀನೇ, ಆದ್ರೆ ಇತ್ತೀಚೆಗೆ ಸಣ್ಣಪುಟ್ಟದಕ್ಕೆಲ್ಲ ಸುಳ್ಳು ಹೇಳೋಕೆ ಶುರು ಮಾಡಿದ್ದಾಳೆ, ಸ್ವಲ್ಪ ನೋಡ್ಕೊಳಿ" ಅಂದಿದ್ದ. ಅಪ್ಪ ಅವಳಿಗೆ ಬೈದ್ರು ಕೂಡ. ಹಾಗಾಗಿ ನಿಜವಾಗ್ಲೂ ಹೇಳಬೇಕಾದ ದಿನ ಬಂದಾಗ ಅವಳು ಹನ್ನೊಂದು ದಿನ ಬಾಯಿ ಬಿಡಲಿಲ್ಲ, ಯಾಕಂದ್ರೆ ನಂಬಲ್ಲ ಅಂತ ಅವಳಿಗೆ ಮೊದಲೇ ಗೊತ್ತಿತ್ತು. ಕೋರ್ಟಲ್ಲಿ ಆ ಹನ್ನೊಂದು ದಿನವೇ ಅವಳ ವಿರುದ್ಧದ ದೊಡ್ಡ ಅಸ್ತ್ರ ಆಯ್ತು.

ಕೇಸು ದಾಖಲಾಗಿ ಸುಮಾರು ಐದು ತಿಂಗಳಿಗೆ ಒಬ್ಬ ಹೆಂಗಸು ತನಿಖಾಧಿಕಾರಿಯನ್ನ ಹುಡ್ಕೊಂಡು ಬಂದ್ರು. ಒಂಬತ್ತು ವರ್ಷದ ಹಿಂದೆ ಬೇರೆ ಕಾಲೇಜಲ್ಲಿ ಇದೇ ಕೋಚ್ ಕೈಕೆಳಗೆ ಆಡಿದವರು, ಈಗ ಮದುವೆಯಾಗಿ ಮಗು ಇರೋರು. ಅದಾದ ಮೇಲೆ ತನಿಖೆಯಲ್ಲೇ ಇನ್ನೊಬ್ಬಳ ವಿಷಯ ಗೊತ್ತಾಯ್ತು, ಅವಳದ್ದು ನಾಲ್ಕು ವರ್ಷದ ಹಿಂದಿನದ್ದು, ಆಗಲೇ ಮ್ಯಾನೇಜ್‌ಮೆಂಟಿಗೆ ಬಾಯಿಮಾತಲ್ಲಿ ದೂರು ಕೊಟ್ಟಿದ್ಲು, ಅವರು ಅವನಿಂದ ಸದ್ದಿಲ್ಲದೆ ರಾಜೀನಾಮೆ ಬರೆಸ್ಕೊಂಡು ಒಳ್ಳೆ ಸರ್ಟಿಫಿಕೇಟ್ ಕೊಟ್ಟು ಕಳ್ಸಿದ್ರು. ಈ ಮೂವರೂ ಒಬ್ಬರಿಗೊಬ್ಬರು ಮುಖ ನೋಡಿದವರಲ್ಲ. ಆದ್ರೆ ಆ ಫೋನ್ ಕರೆ ಇದ್ಯಲ್ಲ, "ನಿಮ್ಮ ಮಗಳು ಸುಳ್ಳು ಹೇಳ್ತಿದ್ದಾಳೆ" ಅನ್ನೋದು, ಅದು ಮೂರು ಮನೆಗೂ ಬಂದಿತ್ತು. ಮೂರು ಸಲವೂ ಘಟನೆಗೆ ಮುಂಚೆ.

ಈ ವಿಷಯ ತಿಳಿದ ರಾತ್ರಿ ನಮ್ಮಪ್ಪ ಊಟ ಮಾಡಲಿಲ್ಲ.

ಪ್ರಾಸಿಕ್ಯೂಟರ್ ಅವರಿಬ್ಬರನ್ನೂ ಸಾಕ್ಷಿಗಳಾಗಿ ಕರೆಸೋಕೆ ಅರ್ಜಿ ಹಾಕಿದ್ರು. ಡಿಫೆನ್ಸ್ ಲಾಯರ್ ಎದ್ದು ನಿಂತು, ಆರೋಪಿಯ ಹಿಂದಿನ ನಡತೆ ಈ ಕೇಸಿಗೆ ಸಂಬಂಧವೇ ಇಲ್ಲ, ಆ ಘಟನೆಗಳಲ್ಲಿ ಶಿಕ್ಷೆ ಆಗಿಲ್ಲ, ಕೇಸೂ ಆಗಿಲ್ಲ, ಇದನ್ನ ಒಳಗೆ ಬಿಟ್ರೆ ನನ್ನ ಕಕ್ಷಿದಾರ ಮೂರು ಕೇಸಿಗೆ ಒಟ್ಟಿಗೆ ಉತ್ತರ ಕೊಡಬೇಕಾಗುತ್ತೆ ಅಂದ್ರು. ಅರ್ಜಿ ವಜಾ ಆಯ್ತು, ಆದೇಶ ಎರಡೂವರೆ ಸಾಲು. ಅವತ್ತು ಅವರಿಬ್ಬರೂ ಹೊರಗಡೆ ಬೆಂಚಿನ ಮೇಲೆ ಬೆಳಗ್ಗೆ ಹತ್ತೂವರೆಯಿಂದ ಕಾಯ್ತಾ ಕೂತಿದ್ರು, ದೊಡ್ಡವರು ಮಗುವನ್ನ ಅತ್ತೆ ಹತ್ರ ಬಿಟ್ಟು ರಜೆ ಹಾಕಿ ಬಂದಿದ್ರು. ನಾನೇ ಹೊರಗೆ ಹೋಗಿ "ನೀವಿನ್ನು ಹೋಗಬಹುದು ಅಕ್ಕ" ಅಂತ ಹೇಳಬೇಕಾಯ್ತು. "ಯಾಕೆ, ಮುಗೀತಾ?" ಅಂದ್ರು ಅವರು. ನಂಗೆ ಏನು ಉತ್ತರ ಕೊಡಬೇಕು ಅಂತ ಗೊತ್ತಾಗ್ಲಿಲ್ಲ.

ಇಷ್ಟಕ್ಕೇ ನಿಂತಿದ್ರೆ, ನಿಯಮ ಅಂದ್ಮೇಲೆ ನಿಯಮ ಅಂತ ಸುಮ್ಮನಾಗ್ತಿದ್ದೆನೋ ಏನೋ. ಆದ್ರೆ ಎರಡು ತಾರೀಖು ಕಳೆದ ಮೇಲೆ ಅದೇ ಡಿಫೆನ್ಸ್ ಲಾಯರ್ ಕಾಲೇಜು ಆಫೀಸಿನ ಸಾಕ್ಷಿಯನ್ನ ಕೇಳಿದ್ರು, "ಈ ಹದಿನಾಲ್ಕು ವರ್ಷದ ಸರ್ವಿಸಲ್ಲಿ ಇವರ ಮೇಲೆ ಒಂದಾದ್ರೂ ಲಿಖಿತ ದೂರು, ಒಂದಾದ್ರೂ ಕೇಸು ದಾಖಲಾಗಿದ್ಯಾ?" ಅಂತ. "ಇಲ್ಲ" ಅಂದ್ರು ಆ ಸಾಕ್ಷಿ. ಅದು ಸುಳ್ಳಲ್ಲ, ದಾಖಲಾಗಿರಲಿಲ್ಲ. ಪ್ರಾಸಿಕ್ಯೂಟರ್ ಎದ್ದು, ಇವರು ಈಗ ಒಳ್ಳೆ ನಡತೆಯ ಮಾತು ಎತ್ತಿದ್ದಾರೆ, ಹಾಗಾದ್ರೆ ಅದಕ್ಕೆ ಉತ್ತರ ಕೊಡೋಕೆ ನಮಗೂ ಅವಕಾಶ ಕೊಡಿ ಅಂದ್ರು, ಅದು ಬರೀ ಸರ್ವಿಸ್ ರೆಕಾರ್ಡ್ ಬಗ್ಗೆ ಕೇಳಿದ ಪ್ರಶ್ನೆ, ನಡತೆಯ ಸಾಕ್ಷ್ಯ ಅಲ್ಲ ಅಂತ ಅದೂ ಬಿದ್ದುಹೋಯ್ತು. ತೀರ್ಪಲ್ಲಿ ಕೊನೆಗೆ ಬಂದದ್ದು ಏನು ಅಂದ್ರೆ, ದೂರುದಾರಳ ಮಾತೊಂದನ್ನ ಬಿಟ್ಟು ಬೇರೆ ಆಧಾರ ಇಲ್ಲ, ಹನ್ನೊಂದು ದಿನದ ವಿಳಂಬಕ್ಕೆ ಸಮಾಧಾನಕರ ವಿವರಣೆ ಇಲ್ಲ, ಆರೋಪಿಯ ದೀರ್ಘ ಸೇವೆಯಲ್ಲಿ ಕಳಂಕ ಇಲ್ಲ, ಹಾಗಾಗಿ ಸಂಶಯದ ಲಾಭ ಅವನಿಗೆ. ವಿಳಂಬಕ್ಕೆ ವಿವರಣೆ ಬೆಂಚಿನ ಮೇಲೆ ಕೂತಿತ್ತು ಸ್ವಾಮಿ. ಆಧಾರವೂ ಅಲ್ಲೇ ಕೂತಿತ್ತು. ವಾಪಸ್ ಕಳ್ಸಿದ್ದು ನಾವೇ.

ಆಮೇಲೆ ನಾನು ಓದೋಕೆ ಶುರು ಮಾಡ್ದೆ, ರಾತ್ರಿ ಕೆಲಸ ಮುಗಿಸಿ ಸಿಕ್ಕಿದ್ದನ್ನೆಲ್ಲ ಓದ್ದೆ. ಮೊದಲಿಗೆ ಒಂದು ಮಾತು ಒಪ್ಕೊಳ್ತೀನಿ, ಈ ನಿಯಮ ಸುಮ್ಮನೆ ಬಂದದ್ದಲ್ಲ. ಹಿಂದೊಮ್ಮೆ ಕದ್ದವನು ಅಂತ ಬೀದಿಯಲ್ಲಿ ಯಾವ ಕಳ್ಳತನ ಆದ್ರೂ ಅವನನ್ನೇ ಎಳ್ಕೊಂಡು ಹೋಗೋದು ಎಲ್ಲ ಕಡೆ ಇದೆ, ಹಾಗೆ ಸಿಕ್ಕಿಹಾಕ್ಕೊಳ್ಳೋದು ಹೆಚ್ಚಾಗಿ ಬಡವರು, ಕೇಳೋರಿಲ್ಲದವರು. ಮನುಷ್ಯ ಕೆಟ್ಟವನು, ಆದ್ದರಿಂದ ಈ ತಪ್ಪೂ ಅವನದ್ದೇ ಅನ್ನೋ ಲೆಕ್ಕವನ್ನ ಕಾನೂನು ತಡೆಯಬೇಕು, ಅದನ್ನ ತೆಗೆದುಹಾಕಿ ಅಂತ ನಾನು ಕೇಳ್ತಾ ಇಲ್ಲ. ಆದ್ರೆ ನಮ್ಮ ಕೇಸಲ್ಲಿ ನಾವು ಹೇಳೋಕೆ ಹೊರಟಿದ್ದು ಅವನು ಕೆಟ್ಟವನು ಅಂತ ಅಲ್ಲ. ಅವನಿಗೊಂದು ವಿಧಾನ ಇದೆ, ಆ ವಿಧಾನದ ಒಂದು ಭಾಗವೇ ಹುಡುಗಿಯ ಮಾತನ್ನ ಮೊದಲೇ ಸುಳ್ಳು ಮಾಡಿಡೋದು ಅಂತ. ಇವೆರಡೂ ಬೇರೆ ಬೇರೆ.

ಈ ವ್ಯತ್ಯಾಸ ಕಾನೂನಿಗೆ ಹೊಸದೂ ಅಲ್ಲ. ಭಾರತದ 1872ರ ಸಾಕ್ಷ್ಯ ಕಾಯ್ದೆಯ 15ನೇ ಸೆಕ್ಷನ್ ಅಡಿಯಲ್ಲಿ ಒಂದು ಉದಾಹರಣೆ ಕೊಟ್ಟಿದ್ದಾರೆ, ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಒಬ್ಬ ವಿಮೆ ಹಣಕ್ಕಾಗಿ ತನ್ನ ಮನೆಗೆ ತಾನೇ ಬೆಂಕಿ ಇಟ್ಟ ಅನ್ನೋ ಆರೋಪ. ಅವನು ಒಂದಾದ ಮೇಲೆ ಒಂದರಂತೆ ಹಲವು ಮನೆಗಳಲ್ಲಿ ವಾಸ ಮಾಡಿದ, ಪ್ರತಿಯೊಂದಕ್ಕೂ ವಿಮೆ ಮಾಡಿಸಿದ್ದ, ಪ್ರತಿಯೊಂದಕ್ಕೂ ಬೆಂಕಿ ಬಿತ್ತು, ಪ್ರತಿ ಸಲವೂ ಬೇರೆ ಬೇರೆ ವಿಮಾ ಕಚೇರಿಯಿಂದ ಹಣ ಬಂತು, ಈ ಸಂಗತಿಗಳೆಲ್ಲ ಪ್ರಸ್ತುತ, ಯಾಕಂದ್ರೆ ಬೆಂಕಿ ಆಕಸ್ಮಿಕ ಅಲ್ಲ ಅಂತ ತೋರಿಸುತ್ತೆ. 14ನೇ ಸೆಕ್ಷನ್ನಿನಲ್ಲಿ ಖೋಟಾ ನಾಣ್ಯದ ಬಗ್ಗೆಯೂ ಇಂಥದ್ದೇ ಲೆಕ್ಕ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇವು 12, 13ನೇ ಸೆಕ್ಷನ್ನುಗಳಾಗಿ ಉಳ್ಕೊಂಡಿವೆ. ಮೂರು ಮನೆ ಸುಟ್ಟರೆ ಮೂರನ್ನೂ ಒಟ್ಟಿಗೆ ಇಟ್ಟು ನೋಡಬಹುದು. ಮೂರು ಹುಡುಗಿಯರು ಬಂದ್ರೆ ಒಬ್ಬೊಬ್ಬಳನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಪ್ರತಿಯೊಬ್ಬಳಿಗೂ ಇರೋದು ನಿನ್ನ ಮಾತೊಂದೇ ಅಲ್ವಾಮ್ಮ ಅಂತ ಹೇಳ್ತೀವಿ.

ಅದೇ 1872ರ ಕಾಯ್ದೆಯಲ್ಲಿ ಇನ್ನೂ ಎರಡು ಸೆಕ್ಷನ್ ಇದ್ವು, ಅಕ್ಕಪಕ್ಕ ಇಟ್ಟು ಓದಿ. 54ನೇದು, ಆರೋಪಿಯ ಹಿಂದಿನ ಕೆಟ್ಟ ನಡತೆ ಅಪ್ರಸ್ತುತ, ಅವನೇ ಒಳ್ಳೆ ನಡತೆಯ ಸಾಕ್ಷ್ಯ ತಂದರೆ ಮಾತ್ರ ಅದಕ್ಕೆ ಉತ್ತರವಾಗಿ ತರಬಹುದು ಅಂತ. 155ನೇದರ ನಾಲ್ಕನೇ ಉಪವಿಧಿ, ಅತ್ಯಾಚಾರದ ಕೇಸಲ್ಲಿ ದೂರುದಾರಳ ನಡತೆ ಸಾಮಾನ್ಯವಾಗಿ ಕೆಟ್ಟದ್ದು ಅಂತ ತೋರಿಸಬಹುದು ಅಂತ. ಅಂದ್ರೆ ಅವನ ಹಿಂದಿನದ್ದು ಮುಚ್ಚಿಡಬೇಕು, ಅವಳ ಹಿಂದಿನದ್ದು ಬಿಚ್ಚಿಡಬಹುದು. ಈ ಉಪವಿಧಿಯನ್ನ ತೆಗೆದುಹಾಕಿದ್ದು 2002ರ ತಿದ್ದುಪಡಿ ಕಾಯ್ದೆ, ನೂರಮೂವತ್ತು ವರ್ಷ ಆದ್ಮೇಲೆ. 2013ರಲ್ಲಿ 53ಎ ಸೇರಿಸಿ, ಸಮ್ಮತಿಯ ಪ್ರಶ್ನೆಯಲ್ಲಿ ಆಕೆಯ ಹಿಂದಿನ ಲೈಂಗಿಕ ಅನುಭವ ಪ್ರಸ್ತುತ ಅಲ್ಲ ಅಂತ ಸ್ಪಷ್ಟ ಮಾಡಿದ್ರು. ಒಳ್ಳೇದಾಯ್ತು, ಆ ಬದಲಾವಣೆಗೆ ಹೋರಾಡಿದ ಎಲ್ಲ ಹೆಣ್ಣುಮಕ್ಕಳಿಗೂ ನಾನು ಋಣಿ, ಅದಿಲ್ಲದೇ ಇದ್ದಿದ್ರೆ ಪಾಟೀಸವಾಲಿನ ಆ ಮೂರು ದಿನ ಇನ್ನೂ ಏನೇನಾಗ್ತಿತ್ತೋ. ಆದ್ರೆ ತಕ್ಕಡಿಯ ಒಂದು ತಟ್ಟೆಯನ್ನ ಮಾತ್ರ ಸರಿ ಮಾಡಿದ್ದು ಅದು.

ಬೇರೆ ದೇಶಗಳು ಇದೇ ಪ್ರಶ್ನೆಗೆ ತಲೆ ಕೆಡಿಸ್ಕೊಂಡಿವೆ. ಇಂಗ್ಲೆಂಡಲ್ಲಿ 1915ರಷ್ಟು ಹಿಂದೆಯೇ ಜಾರ್ಜ್ ಜೋಸೆಫ್ ಸ್ಮಿತ್ ಅನ್ನೋನ ವಿಚಾರಣೆ ನಡೀತು, ಅವನು ಮದುವೆಯಾದ ಹೆಂಗಸು ಸ್ನಾನದ ತೊಟ್ಟಿಯಲ್ಲಿ ಮುಳುಗಿ ಸತ್ತಿದ್ರು, ಆಕಸ್ಮಿಕ ಅಂದ. ಆಮೇಲೆ ಮದುವೆಯಾದ ಇನ್ನಿಬ್ಬರೂ ಹಾಗೇ ತೊಟ್ಟಿಯಲ್ಲೇ ಸತ್ತಿದ್ರು ಅನ್ನೋದನ್ನ ಕೋರ್ಟು ಒಳಗೆ ಬಿಡ್ತು. ಒಂದು ಸಾವು ಆಕಸ್ಮಿಕ ಅಂತ ನಂಬಬಹುದು, ಮೂರು ಹೇಗೆ ನಂಬೋದು? ಆದ್ರೂ ಲೈಂಗಿಕ ದೌರ್ಜನ್ಯದ ಕೇಸುಗಳಲ್ಲಿ ಬಹಳ ಕಾಲ ಎದ್ದು ಕಾಣುವಂಥ ಹೋಲಿಕೆ ಇದ್ರೆ ಮಾತ್ರ ಅಂತ ಬಾಗಿಲು ಕಿರಿದಾಗೇ ಇತ್ತು. 1991ರಲ್ಲಿ, ಒಬ್ಬ ತಂದೆಯ ಮೇಲೆ ಇಬ್ಬರು ಹೆಣ್ಣುಮಕ್ಕಳು ಹೇಳಿದ ಕೇಸಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್, ಎದ್ದು ಕಾಣುವ ಹೋಲಿಕೆ ಇರಲೇಬೇಕು ಅಂತಿಲ್ಲ, ಅದರ ಸಾಕ್ಷ್ಯಬಲ ಪೂರ್ವಾಗ್ರಹವನ್ನ ಮೀರುವಷ್ಟಿದ್ರೆ ಸಾಕು ಅಂತು. 2003ರ ಕ್ರಿಮಿನಲ್ ಜಸ್ಟಿಸ್ ಆಕ್ಟ್ ಬಂದು ಆರೋಪಿಯ ಕೆಟ್ಟ ನಡತೆ ಯಾವ ಯಾವ ದಾರಿಯಲ್ಲಿ ಒಳಗೆ ಬರಬಹುದು ಅಂತ ಬರೆದಿಟ್ಟಿತು, ಜೊತೆಗೆ ವಿಚಾರಣೆಯ ನ್ಯಾಯಕ್ಕೆ ಧಕ್ಕೆ ಆಗೋ ಹಾಗಿದ್ರೆ ಜಡ್ಜ್ ಅದನ್ನ ತಡೀಬೇಕು ಅಂತಲೂ, ಸಾಕ್ಷಿಗಳು ಮಾತಾಡ್ಕೊಂಡೋ ಒಬ್ಬರ ಮಾತು ಇನ್ನೊಬ್ಬರಿಗೆ ಅಂಟಿಯೋ ಶಿಕ್ಷೆ ಕೊಡೋದೇ ಅಪಾಯ ಅನ್ನೋ ಮಟ್ಟಕ್ಕೆ ಸಾಕ್ಷ್ಯ ಕೆಟ್ಟಿದ್ರೆ ಕೇಸನ್ನೇ ನಿಲ್ಲಿಸಬೇಕು ಅಂತಲೂ ಬರೀತು. ಆಮೇಲೆ 2005ರಲ್ಲಿ ಅಲ್ಲಿನ ಮೇಲ್ಮನವಿ ಕೋರ್ಟು, ದುರ್ಬಲ ಕೇಸಿಗೆ ಊರುಗೋಲಾಗಿ ಇದನ್ನ ಬಳಸೋ ಹಾಗಿಲ್ಲ ಅಂತ ಎಚ್ಚರಿಸಿತು. ಇದು ನಂಗೆ ಇಷ್ಟ ಆಯ್ತು. ಬಾಗಿಲೂ ಇದೆ, ಬಾಗಿಲಲ್ಲಿ ಕಾವಲೂ ಇದೆ.

ಅಮೆರಿಕದಲ್ಲಿ 1994ರಲ್ಲಿ ಅಲ್ಲಿನ ಸಂಸತ್ತು ಫೆಡರಲ್, ಅಂದ್ರೆ ಕೇಂದ್ರದ ಕೋರ್ಟುಗಳ, ಸಾಕ್ಷ್ಯ ನಿಯಮಗಳಿಗೆ 413, 414, 415 ಅಂತ ಮೂರು ಹೊಸ ನಿಯಮ ಸೇರಿಸಿತು. ಲೈಂಗಿಕ ಹಲ್ಲೆ, ಮಕ್ಕಳ ಮೇಲಿನ ದೌರ್ಜನ್ಯದ ಕೇಸಲ್ಲಿ ಆರೋಪಿ ಮಾಡಿದ ಅಂಥದ್ದೇ ಬೇರೆ ಕೃತ್ಯದ ಸಾಕ್ಷ್ಯವನ್ನ ಕೋರ್ಟು ಪರಿಗಣಿಸಬಹುದು, ಸಾಮಾನ್ಯವಾಗಿ ವಿಚಾರಣೆಗೆ 15 ದಿನ ಮುಂಚೆ ಆರೋಪಿಗೆ ತಿಳಿಸಿರಬೇಕು ಅಂತ. ಅಲ್ಲಿನ ನ್ಯಾಯಾಧೀಶರ ಸಂಸ್ಥೆಯೇ ಅದನ್ನ ವಿರೋಧಿಸಿತ್ತು, ಆ ವಾದವೂ ಹುರುಳಿಲ್ಲದ್ದಲ್ಲ. ಆದ್ರೆ ಆ ನಿಯಮಗಳು ಫೆಡರಲ್ ಕೋರ್ಟಿಗೆ ಮಾತ್ರ, ರಾಜ್ಯಗಳು ಒಂದೊಂದು ಒಂದೊಂದು ದಾರಿ. ನ್ಯೂಯಾರ್ಕ್ ರಾಜ್ಯದಲ್ಲಿ ಸಿನಿಮಾ ನಿರ್ಮಾಪಕ ಹಾರ್ವಿ ವೈನ್‌ಸ್ಟೀನ್‌ಗೆ 2020ರಲ್ಲಿ 23 ವರ್ಷ ಶಿಕ್ಷೆ ಆಗಿದ್ದು ನಿಮಗೆ ನೆನಪಿರಬಹುದು. 2024ರ ಏಪ್ರಿಲಲ್ಲಿ ಅಲ್ಲಿನ ಅತ್ಯುನ್ನತ ಕೋರ್ಟು 4-3 ಬಹುಮತದಲ್ಲಿ ಆ ಶಿಕ್ಷೆಯನ್ನ ರದ್ದು ಮಾಡ್ತು, ಒಂದು ಮುಖ್ಯ ಕಾರಣ ಏನಂದ್ರೆ, ಆ ಕೇಸಿನ ಆರೋಪಗಳಿಗೆ ಸೇರದ ಬೇರೆ ಹೆಂಗಸರ ಸಾಕ್ಷ್ಯವನ್ನ ಒಳಗೆ ಬಿಟ್ಟಿದ್ದು ತಪ್ಪು ಅಂತ. 2025ರಲ್ಲಿ ಮತ್ತೆ ವಿಚಾರಣೆ, ಮತ್ತೆ ಅದೇ ಹೆಣ್ಣುಮಕ್ಕಳು ಕಟಕಟೆಗೆ ಬಂದು ಮತ್ತೆ ಮೊದಲಿಂದ ಹೇಳಬೇಕಾಯ್ತು. ಏಳು ಜನ ದೊಡ್ಡ ಜಡ್ಜುಗಳು ನಾಲ್ಕು-ಮೂರು ಅಂತ ಒಡೆಯುವಷ್ಟು ನಿಯಮ ಅಸ್ಪಷ್ಟ ಇದ್ರೆ, ಅದರ ಬೆಲೆ ತೆರೋದು ಯಾರು? ನನ್ನ ತಂಗಿಯನ್ನ ಇನ್ನೊಂದು ಸಲ ಆ ಕಟಕಟೆಗೆ ಹತ್ತಿಸೋದನ್ನ ನಾನು ಕಲ್ಪಿಸಿಕೊಳ್ಳೋಕೂ ಆಗಲ್ಲ. ಹಾಗಾಗಿ ನಾನು ಕೇಳೋದು ಸಡಿಲವಾದ ಕಾನೂನಲ್ಲ, ಮೇಲ್ಮನವಿಯಲ್ಲೂ ನಿಲ್ಲೋವಂಥ, ಸ್ಪಷ್ಟವಾಗಿ ಬರೆದ ಕಾನೂನು.

ಆಸ್ಟ್ರೇಲಿಯಾದವರ ಕೆಲಸ ನಂಗೆ ಎಲ್ಲಕ್ಕಿಂತ ಗಂಭೀರವಾಗಿ ಕಂಡಿತು. ಸಂಸ್ಥೆಗಳಲ್ಲಿ ಮಕ್ಕಳ ಮೇಲೆ ನಡೆದ ಲೈಂಗಿಕ ದೌರ್ಜನ್ಯದ ಬಗ್ಗೆ 2013ರಿಂದ 2017ರವರೆಗೆ ಅಲ್ಲಿ ರಾಯಲ್ ಕಮಿಷನ್, ಅಂದ್ರೆ ಸರ್ಕಾರ ನೇಮಿಸಿದ ತನಿಖಾ ಆಯೋಗ, ಕೂತಿತ್ತು. ಹಿಂದಿನ ಕೃತ್ಯ ಕೇಳಿದ್ರೆ ಜ್ಯೂರಿಯವರು, ಅಂದ್ರೆ ತೀರ್ಮಾನ ಕೊಡೋಕೆ ಆರಿಸಿ ಕೂರಿಸಿದ ಸಾಮಾನ್ಯ ಜನ, ಬುದ್ಧಿ ಕಳ್ಕೊಂಡು ಶಿಕ್ಷೆ ಕೊಟ್ಟುಬಿಡ್ತಾರೆ ಅನ್ನೋ ಹಳೇ ಭಯ ನಿಜಾನಾ ಅಂತ ಅವರು ಸುಮ್ಮನೆ ಊಹೆ ಮಾಡ್ತಾ ಕೂರಲಿಲ್ಲ, ಪರೀಕ್ಷೆ ಮಾಡಿಸಿದ್ರು. ಸಾವಿರಕ್ಕೂ ಹೆಚ್ಚು ಜನರನ್ನ 90 ಅಣಕು ಜ್ಯೂರಿಗಳಾಗಿ ಕೂರಿಸಿ ಒಂದೇ ಕೇಸನ್ನ ಬೇರೆ ಬೇರೆ ರೀತಿ ತೋರಿಸಿದ್ರು. ಜನ ಪ್ರತಿ ಆರೋಪವನ್ನೂ ಅದರದರ ಸಾಕ್ಷ್ಯದ ಮೇಲೆ ತೂಗಿದ್ರು, ಅನ್ಯಾಯದ ಪೂರ್ವಾಗ್ರಹದಿಂದ ತೀರ್ಮಾನ ಮಾಡಿದ್ದಕ್ಕೆ ಹೆಚ್ಚಿನ ಪುರಾವೆ ಸಿಗಲಿಲ್ಲ. ಅದಾದ ಮೇಲೆ ನ್ಯೂ ಸೌತ್ ವೇಲ್ಸ್ 2020ರಲ್ಲಿ ತನ್ನ ಸಾಕ್ಷ್ಯ ಕಾಯ್ದೆ ಬದಲಾಯಿಸಿ, ಮಕ್ಕಳ ಮೇಲಿನ ಲೈಂಗಿಕ ಅಪರಾಧದ ಕೇಸಲ್ಲಿ ಇಂಥ ಪ್ರವೃತ್ತಿಯ ಸಾಕ್ಷ್ಯಕ್ಕೆ ಗಣನೀಯ ಬಲ ಇದೆ ಅಂತಲೇ ಶುರು ಮಾಡಬೇಕು ಅಂತು. ಜ್ಯೂರಿಯೇ ಇಲ್ಲದೆ, ಕಾನೂನು ಓದಿದ ಜಡ್ಜ್ ಒಬ್ಬರೇ ತೀರ್ಪು ಕೊಡೋ ಕಡೆ ಈ ಪೂರ್ವಾಗ್ರಹದ ಭಯ ಇನ್ನೂ ಕಮ್ಮಿ ಇರಬೇಕಲ್ವಾ? ಸಾಮಾನ್ಯ ಜನ ತೂಗಬಲ್ಲದ್ದನ್ನ ನ್ಯಾಯಾಧೀಶರು ತೂಗಲಾರರು ಅಂತ ನಾನಂತೂ ನಂಬಲ್ಲ.

ಆಕ್ಷೇಪಗಳು ಗೊತ್ತು. ಮೂವರು ಸೇರಿ ಕಥೆ ಕಟ್ಟಿದ್ರೆ? ಕಟ್ಟಬಹುದು, ಹಾಗಾಗಿ ಅವರು ಒಬ್ಬರಿಗೊಬ್ಬರು ಗೊತ್ತಾ, ಫೋನಲ್ಲಿ ಮಾತಾಡಿದ್ದಾರಾ, ಒಬ್ಬಳ ಹೇಳಿಕೆ ಇನ್ನೊಬ್ಬಳು ಓದಿದ್ಲಾ ಅಂತ ಮೊದಲೇ ಪರೀಕ್ಷಿಸಿ, ನಮ್ಮ ಕೇಸಲ್ಲಿ ಪರೀಕ್ಷಿಸಿದ್ರೆ ಮೊದಲು ಖುಷಿಪಡ್ತಿದ್ದವಳು ನಾನೇ. ಒಬ್ಬಳು ಒಪ್ಪಿರಲಿಲ್ಲ ಅನ್ನೋದರಿಂದ ಇನ್ನೊಬ್ಬಳೂ ಒಪ್ಪಿರಲಿಲ್ಲ ಅಂತ ಹೇಗೆ ಸಾಬೀತಾಗುತ್ತೆ? ಇದು ನ್ಯಾಯವಾದ ಪ್ರಶ್ನೆ, ತುಂಬಾ ಯೋಚನೆ ಮಾಡಿದ್ದೀನಿ. ಸಮ್ಮತಿಯೇ ವಿವಾದ ಆಗಿರೋ ಕಡೆ ಹಿಂದಿನ ಕೃತ್ಯದ ಬಲ ನಿಜವಾಗ್ಲೂ ಕಮ್ಮಿ ಇರಬಹುದು. ಆದ್ರೆ ನಮ್ಮ ಕೇಸಲ್ಲಿ ಅವನ ವಾದ ಸಮ್ಮತಿ ಇತ್ತು ಅಂತ ಅಲ್ಲ, ಏನೂ ನಡೆದೇ ಇಲ್ಲ, ಹುಡುಗಿ ಸುಳ್ಳು ಹೇಳೋ ಸ್ವಭಾವದವಳು, ನಾನು ಮೊದಲೇ ತಂದೆಗೆ ಹೇಳಿದ್ದೆ ಅಂತ. ಆ ಫೋನ್ ಕರೆಯನ್ನ ತನ್ನ ಪರವಾದ ಸಾಕ್ಷ್ಯ ಅಂತ ಅವನೇ ಮುಂದಿಟ್ಟ! ಅದೇ ಕರೆ ಇನ್ನೆರಡು ಮನೆಗೆ ಹೋಗಿತ್ತು ಅನ್ನೋದು ಇಲ್ಲಿ ಪ್ರಸ್ತುತ ಅಲ್ಲ ಅಂದ್ರೆ ಮತ್ತೆ ಯಾವುದು ಪ್ರಸ್ತುತ.

ಆದ್ದರಿಂದ ನನ್ನ ಬೇಡಿಕೆಗಳು. ಶಾಸಕರೇ, ಲೈಂಗಿಕ ಅಪರಾಧದ ಕೇಸುಗಳಲ್ಲಿ ಆರೋಪಿಯ ಹಿಂದಿನ ಅಂಥದ್ದೇ ಕೃತ್ಯಗಳ ಸಾಕ್ಷ್ಯ ಯಾವಾಗ ಒಳಗೆ ಬರಬಹುದು ಅನ್ನೋದನ್ನ ಪ್ರತ್ಯೇಕವಾಗಿ, ಸ್ಪಷ್ಟವಾಗಿ ಬರೀರಿ, ಬೆಂಕಿಯ ಮನೆ, ಖೋಟಾ ನಾಣ್ಯದ ಉದಾಹರಣೆಗಳ ಮೇಲೆ ಬಿಡಬೇಡಿ. ಶಿಕ್ಷೆ ಆಗಿಲ್ಲ, ಆಗ ದೂರು ಕೊಡಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಬಾಗಿಲು ಹಾಕಬೇಡಿ, ದೂರು ಕೊಡೋಕೆ ಯಾಕಾಗಲ್ಲ ಅಂತ ಈ ಅಪರಾಧದ ಬಗ್ಗೆ ಒಂದು ದಿನ ಕೆಲಸ ಮಾಡಿದ ಯಾರನ್ನ ಕೇಳಿದ್ರೂ ಹೇಳ್ತಾರೆ. ಆರೋಪಿಗೆ ಸಾಕಷ್ಟು ಮುಂಚೆ ನೋಟಿಸ್ ಸಿಗಲಿ, ಉತ್ತರ ಕೊಡೋಕೆ ಸಮಯ ಸಿಗಲಿ, ಆ ಸಾಕ್ಷಿಗಳನ್ನ ಅವನ ಲಾಯರ್ ಚೆನ್ನಾಗಿ ಪ್ರಶ್ನಿಸಲಿ. ಹಿಂದಿನ ಕೃತ್ಯದ ಸಾಕ್ಷ್ಯ ಒಂದರಿಂದಲೇ ಯಾರಿಗೂ ಶಿಕ್ಷೆ ಆಗಕೂಡದು ಅಂತಲೂ ಬರೀರಿ, ನಾನದನ್ನ ಮನಸಾರೆ ಒಪ್ತೀನಿ. ಮತ್ತೆ "ಇವರ ಮೇಲೆ ಒಂದೂ ದೂರಿಲ್ಲ" ಅನ್ನೋ ಮಾತನ್ನ ಪ್ರಶ್ನೆಯ ರೂಪದಲ್ಲಿ ತಂದರೂ ಅದು ಒಳ್ಳೆ ನಡತೆಯ ಸಾಕ್ಷ್ಯವೇ, ಅದಕ್ಕೆ ಉತ್ತರ ಕೊಡೋ ಹಕ್ಕು ಎದುರು ಪಕ್ಷಕ್ಕಿದೆ ಅಂತ ಒಂದು ಸಾಲು ಸೇರಿಸಿ. ಆ ಒಂದು ಸಾಲು ಇದ್ದಿದ್ರೆ ನಾನು ಈ ಪತ್ರ ಬರೀತಿರಲಿಲ್ಲ.

ನ್ಯಾಯಾಧೀಶರೇ, ಕಾನೂನು ಬದಲಾಗೋಕೆ ವರ್ಷಗಟ್ಟಲೆ ಹಿಡಿಯುತ್ತೆ ಅಂತ ಗೊತ್ತು. ಅಲ್ಲಿವರೆಗೆ ನಿಮ್ಮಲ್ಲಿ ಕೇಳೋದು ಇಷ್ಟೇ. ಇಂಥ ಅರ್ಜಿ ಬಂದಾಗ ಆ ಸಾಕ್ಷಿಗಳ ಹೇಳಿಕೆ ಓದಿ, ಅದು ಕೇಸಿನ ಯಾವ ಪ್ರಶ್ನೆಗೆ ಉತ್ತರ ಕೊಡುತ್ತೆ, ಅವನ ಗುಣಕ್ಕಾ, ವಿಧಾನಕ್ಕಾ, ಅವನೇ ಎತ್ತಿದ ವಾದಕ್ಕಾ ಅಂತ ಬಿಡಿಸಿ ಬರೆದು ಆಮೇಲೆ ಬೇಕಾದ್ರೆ ವಜಾ ಮಾಡಿ. ಎರಡೂವರೆ ಸಾಲಲ್ಲಿ ಬೇಡ. ಕಾರಣ ಬರೆದಿದ್ರೆ ಮೇಲಿನ ಕೋರ್ಟಲ್ಲಿ ಅದನ್ನ ಪ್ರಶ್ನಿಸೋಕಾದ್ರೂ ಆಗುತ್ತೆ, ಅವತ್ತು ಆ ಬೆಂಚಿನ ಹತ್ರ ನಿಂತಿದ್ದ ನನ್ನಂಥವರಿಗೆ ಒಂದು ಉತ್ತರವಾದ್ರೂ ಇರುತ್ತೆ.

ನಮ್ಮ ಮೇಲ್ಮನವಿ ಇನ್ನೂ ವಿಚಾರಣೆಗೆ ಬಂದಿಲ್ಲ. ಆ ಅಕ್ಕ ಪ್ರತಿ ಎರಡು ತಿಂಗಳಿಗೊಮ್ಮೆ ಫೋನ್ ಮಾಡಿ "ತಾರೀಖು ಬಂತಾ, ಬಂದ್ರೆ ಹೇಳು, ನಾನು ಬರ್ತೀನಿ" ಅಂತಾರೆ, ಮಗು ಈಗ ಸ್ಕೂಲಿಗೆ ಹೋಗ್ತಾ ಇದೆಯಂತೆ, ರಜೆಯೂ ಹೇಗೋ ಹೊಂದಿಸ್ತಾರಂತೆ. ಅವರನ್ನ ಮತ್ತೆ ಹೊರಗೇ ಕೂರಿಸಬೇಡಿ ಅಂತ ನನ್ನ ವಿನಂತಿ.

ಇಂತಿ,
ದೂರುದಾರಳ ಅಕ್ಕ